ಡೌಟ್ ಬಂದರೆ ಇವರ ಹತ್ತಿರ ಹೋಗುತ್ತೀರಾ?

ನಮ್ಮ ವಿಭಾಗದಲ್ಲಿ ಹೊಸ ಹುಡುಗ ಹುಡುಗಿಯರಿಗೆ ಮೇಷ್ಟ್ರುಗಳ ಮುಖ ತೋರಿಸುವ ಮೊದಲು ದನಿ ಕೇಳಿಸುವುದು ಪದ್ಧತಿ. ಬೇರೆ ವಿಭಾಗಗಳಲ್ಲಿ ಮೊದಲ ದಿನ ಕುರ್ಚಿಗಳನ್ನು ಸಾಲಾಗಿ ಹಾಕಿ, ಕೂತವರ ಕೈಗೆ ಒಂದೊಂದು ಗುಲಾಬಿ ಕೊಟ್ಟು, ಅವರವರ ಡಿಗ್ರಿಗಳನ್ನು ಓದಿ, ಸಮೋಸ ತಿಂದು ಏಳುತ್ತಾರೆ. ನಮ್ಮದು ಇಂಗ್ಲಿಷ್ ಭಾಷಾವಿಜ್ಞಾನದ ಎಂ.ಎ. ಮಾತೇ ನಮ್ಮ ಕಸುಬು, ಹಾಗಾಗಿ ಪರಿಚಯವೂ ಮಾತಿನಿಂದಲೇ ಆಗಬೇಕು ಎಂಬುದು ಧ್ವನಿವಿಜ್ಞಾನ ಕಲಿಸುವ ನಮ್ಮ ಸರ್ ಅವರ ಹಟ. ಈ ಪದ್ಧತಿಯನ್ನು ಹುಟ್ಟುಹಾಕಿದವರೂ ಅವರೇ. ಸಮೋಸವನ್ನು ಮಾತ್ರ ನಾವೂ ಬಿಟ್ಟಿಲ್ಲ.

ಅದು ನಡೆಯುವುದು ಹೀಗೆ. ನಮ್ಮ ಲ್ಯಾಂಗ್ವೇಜ್ ಲ್ಯಾಬಿನ ಒಂದು ತುದಿಗೆ ಗಾಜಿನ ಗೋಡೆಯ ಪುಟ್ಟ ರೆಕಾರ್ಡಿಂಗ್ ಕೋಣೆ ಇದೆ. ಗಾಜಿಗೆ ಒಳಗಿನಿಂದ ಕಪ್ಪು ಪರದೆ ಎಳೆದು ನಾವು ಮೇಷ್ಟ್ರುಗಳೆಲ್ಲ ಒಳಗೆ ಕೂರುತ್ತೇವೆ. ಹೊರಗೆ ವಿದ್ಯಾರ್ಥಿಗಳು ಹೆಡ್‌ಫೋನ್ ಹಾಕಿಕೊಂಡಿರುತ್ತಾರೆ. ಒಬ್ಬೊಬ್ಬರಾಗಿ ಮೈಕಿನ ಮುಂದೆ ಹೋಗಿ ಎಲ್ಲರೂ ಒಂದೇ ಇಂಗ್ಲಿಷ್ ತುಣುಕನ್ನು ಓದುತ್ತೇವೆ. ಅದನ್ನು ಬರೆದದ್ದು ಸರ್. ಅಂಗಡಿ ಮುಚ್ಚುವ ಹೊತ್ತಿಗೆ ಗೋಡೆ ಗಡಿಯಾರ ಕೊಳ್ಳಲು ಬರುವ ಒಬ್ಬ ಮುದುಕನ ಕತೆ. ಇಂಗ್ಲಿಷಿನ ಎಲ್ಲ ಧ್ವನಿಗಳೂ ಅದರಲ್ಲಿ ಬರುತ್ತವೆ, ಕತೆ ಅಂಥದ್ದೇನೂ ಇಲ್ಲ. ಕೇಳಿದವರು ಪ್ರತಿಯೊಂದು ದನಿಗೂ ಒಂದೊಂದು ಚೀಟಿಯಲ್ಲಿ ಮೂರು ಉತ್ತರ ಬರೆಯಬೇಕು. ಇವರು ಯಾವ ಕಡೆಯವರು? ಏನು ಪಾಠ ಮಾಡುತ್ತಿರಬಹುದು? ಡೌಟ್ ಬಂದರೆ ಇವರ ಹತ್ತಿರ ಹೋಗುತ್ತೀರಾ? ಆಮೇಲೆ ಪರದೆ ಸರಿಯುತ್ತದೆ, ನಾವು ಹೊರಗೆ ಬರುತ್ತೇವೆ, ಸರ್ ಆ ಚೀಟಿಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ನಗೆಯೋ ನಗೆ. ದನಿ ಕಿವಿಗೆ ಬಿದ್ದ ಕೂಡಲೇ ನಾವು ಎಷ್ಟು ಬೇಗ ಮನುಷ್ಯರನ್ನು ತೂಗಿಬಿಡುತ್ತೇವೆ ಎನ್ನುವುದೇ ಮೊದಲ ಪಾಠ.

ನಾನು ಕಲಿಸುವುದು ವಾಕ್ಯರಚನೆ. ನನ್ನ ದನಿಯನ್ನು ಈ ಮಕ್ಕಳು ತೂಗಿದ ರೀತಿಯನ್ನು ಹೇಳಿದರೆ ನನ್ನ ಮನೆಯವರು ಈಗಲೂ ನಗುತ್ತಾರೆ. "ಸಹಿ ಹೊಂದುತ್ತಿಲ್ಲ ಎಂದು ಚೆಕ್ ವಾಪಸ್ ಕೊಡುವವರು" ಎಂದು ಒಂದು ವರ್ಷ ಒಬ್ಬ ಬರೆದಿದ್ದ. ಇನ್ನೊಬ್ಬಳು "ಹಾಸ್ಟೆಲ್ ವಾರ್ಡನ್" ಎಂದಿದ್ದಳು. ಮೂರನೆಯ ಪ್ರಶ್ನೆಗೆ ಪ್ರತಿ ವರ್ಷವೂ ಒಂದೇ ಉತ್ತರ: ಇಲ್ಲ. ಕೆಲವರು ಕಾರಣವನ್ನೂ ಕೊಡುತ್ತಿದ್ದರು: ಧೈರ್ಯ ಸಾಲದು. ನಾನು ಅಷ್ಟೇನೂ ಕೆಟ್ಟವಳಲ್ಲ. ಧಾರವಾಡದ ಕಡೆಯಿಂದ ಬಂದು ಇಲ್ಲಿ ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದ ಅಪ್ಪನ ಮಗಳು. ಕ್ವಾರ್ಟರ್ಸಿನಲ್ಲಿ ಯಂತ್ರದ ಸದ್ದಿಗೆ ಒಗ್ಗಿದ ಗಂಡಸರ ನಡುವೆ ಬೆಳೆದೆ, ಅಲ್ಲಿ ಮೆತ್ತಗೆ ಮಾತಾಡಿದರೆ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. ಅದನ್ನು ಒಂದು ಚೀಟಿಗೆ ಹೇಗೆ ವಿವರಿಸುವುದು?

ಸರ್ ಅವರ ದನಿಯ ಮಾತೇ ಬೇರೆ. ಅವರದು ಕಲಬುರಗಿ ಕಡೆಯ ಮನೆತನ, ಎರಡು ತಲೆಮಾರಿನಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ದಖ್ಖನಿ, ಕ್ಲಾಸಿನಲ್ಲಿ ಎಲ್ಲೂ ತೊಡಕಿಲ್ಲದ ಇಂಗ್ಲಿಷ್. ತುಂಬಿದ ಕೊಡದಂಥ ದನಿ, ಅಲುಗಾಡುತ್ತಿರಲಿಲ್ಲ, ತುಳುಕುತ್ತಿರಲಿಲ್ಲ. ಚೀಟಿಗಳಲ್ಲಿ "ರೇಡಿಯೋದವರು" ಎಂದೇ ಬರುತ್ತಿತ್ತು. ಮೂರನೆಯ ಪ್ರಶ್ನೆಗೆ ಒಬ್ಬ ಹುಡುಗಿ "ಹೋಗುತ್ತೇನೆ, ಡೌಟ್ ಇಲ್ಲದಿದ್ದರೂ ಹೋಗುತ್ತೇನೆ" ಎಂದು ಬರೆದದ್ದನ್ನು ಅವರು ನನ್ನ ಮುಖ ನೋಡುತ್ತಲೇ ಎರಡು ಸಲ ಓದಿದ್ದರು. ಅಸೂಯೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ವಿಭಾಗದಲ್ಲಿ ಕನ್ನಡದವರು ನಾವಿಬ್ಬರೇ. ಅವರು ನನ್ನನ್ನು "ಬಾಯಾರ" ಎಂದು ಕರೆಯುತ್ತಾರೆ, ನಮ್ಮ ಕಡೆ ಶಾಲೆಯ ಮೇಡಮ್ಮನನ್ನು ಕರೆಯುವ ಹಾಗೆ. ವರಾಂಡದಲ್ಲಿ ನಿಂತು ನಾವು ಎರಡು ಮಾತಾಡಿದರೆ ಅತ್ತಿತ್ತ ಹೋಗುವವರು ಜಗಳವೆಂದು ತಿಳಿದು ನಿಲ್ಲುತ್ತಿದ್ದರು. ಎಷ್ಟೋ ಸಲ ಅದು ಜಗಳವೇ ಆಗಿರುತ್ತಿತ್ತು. ಪರೀಕ್ಷೆಯ ಪ್ರಶ್ನೆ, ಕೋಣೆಯ ಬೀಗ, ಯಾರಿಗೆ ಯಾವ ಪೀರಿಯಡ್, ಫ್ಯಾನ್ ಎಷ್ಟು ಜೋರು, ಎಲ್ಲಕ್ಕೂ ಅವರದೊಂದು ತಕರಾರು ಇರುತ್ತಿತ್ತು. ನನ್ನದೂ ಇರುತ್ತಿತ್ತು. ಬೆಳಿಗ್ಗೆ ಕಚ್ಚಾಡಿ ಮಧ್ಯಾಹ್ನ ಒಂದೇ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕಿಕೊಂಡು ಉಣ್ಣುವ ಸ್ನೇಹ ನಮ್ಮದು.

ಒಂದು ಬೇಸಿಗೆ ರಜೆಯಲ್ಲಿ ಅವರ ಗಂಟಲಲ್ಲಿ ಒಂದು ಗಂಟು ಕಂಡಿತು. ಡಾಕ್ಟರು ಅದನ್ನು ತೆಗೆಯುವಾಗ ಜೊತೆಗೆ ಧ್ವನಿತಂತುವಿನ ಒಂದು ಭಾಗವನ್ನೂ ತೆಗೆಯಬೇಕಾಯಿತು. ರೋಗ ಹೋಯಿತು, ದನಿ ಮರಳಿ ಬರುವುದಿಲ್ಲ ಎಂದು ನೇರವಾಗಿಯೇ ಹೇಳಿದರಂತೆ. ಉಳಿದದ್ದು ಪಿಸುಮಾತು. ಕಿವಿಯ ಹತ್ತಿರ ಯಾರೋ ಕಾಗದ ಉಜ್ಜಿದ ಹಾಗೆ. ಪದಗಳೆಲ್ಲ ಸ್ಪಷ್ಟ, ಆದರೆ ಅವುಗಳ ಒಳಗೆ ನಾದವಿಲ್ಲ. ಮೊದಲ ಸಲ ಕೇಳಿದಾಗ ನಾನು ಅವರ ಹೆಂಡತಿ ತಂದಿಟ್ಟ ಚಹಾವನ್ನು ನೋಡುತ್ತ ಕೂತೆ, ಮುಖ ಎತ್ತಲಾಗಲಿಲ್ಲ.

ರಜೆ ಮುಗಿಸಿ ಅವರು ಕೆಲಸಕ್ಕೆ ಬಂದ ಮೇಲೆ ವಿಭಾಗದಲ್ಲಿ ವಿಚಿತ್ರವಾದ ಶಾಂತಿ ನೆಲೆಸಿತು. ಸರ್ ಫ್ಯಾನ್ ಕಡಿಮೆ ಮಾಡಿ ಅಂದರೆ ಇಬ್ಬರು ಏಳುತ್ತಿದ್ದರು. ಸಭೆಯಲ್ಲಿ ಅವರು ಬಾಯಿ ತೆರೆದರೆ ಎಲ್ಲರೂ ಉಸಿರು ಹಿಡಿದು ಕೇಳಿ, ಅವರು ಹೇಳಿ ಮುಗಿಸುವ ಮೊದಲೇ ಒಪ್ಪಿಬಿಡುತ್ತಿದ್ದರು. ಸಾಮಾಜಿಕ ಭಾಷಾವಿಜ್ಞಾನ ಕಲಿಸುವ ಮೇಡಂ ಹಳೇ ಶಹರದವರು, ಉರ್ದು ಮನೆಯವರು, ಯಾರಿಗೂ ಜಗ್ಗುವವರಲ್ಲ. ಅವರು ಕೂಡ "ಜೀ, ಜೀ ಸಾಬ್" ಎನ್ನತೊಡಗಿದರು. ನಾನೂ ಒಮ್ಮೆಯೂ ಎದುರಾಡಲಿಲ್ಲ. ಸರ್ ಕೂಡ ಬದಲಾದರು. ಏನು ಬೇಕಿದ್ದರೂ "ಆದ್ರ ನೋಡ್ರಿ, ಇಲ್ಲಂದ್ರ ಬ್ಯಾಡ್ರಿ" ಎಂದು ಕೇಳುತ್ತಿದ್ದರು. ಬೇರೆಯವರ ಮನೆಯಲ್ಲಿ ಇದ್ದಂತೆ ಇದ್ದರು.

ಹೊಸ ಬ್ಯಾಚ್ ಬರುವ ಒಂದು ವಾರ ಮೊದಲು ನಮ್ಮ ಮುಖ್ಯಸ್ಥರು ನನ್ನನ್ನು ಕರೆದರು. ಅವರು ಅರ್ಥವಿಜ್ಞಾನ ಕಲಿಸುವ ತೆಲುಗಿನವರು, ಸಾಧು ಮನುಷ್ಯ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ. "ಚೂಡಂಡಿ ಮೇಡಂ, ನೋಡಿ, ಈ ಸಲ ಪರದೆ ಬೇಡ, ಫೋಟೋ ಹಾಕಿ ಪಿಪಿಟಿ ಮಾಡಿಬಿಡೋಣ" ಎಂದರು. ಸರ್ ಅವರಿಗೆ ಮುಜುಗರವಾಗಬಾರದು ಎನ್ನುವುದು ಅವರ ಕಾಳಜಿ. ಧ್ವನಿವಿಜ್ಞಾನದ ಪೇಪರನ್ನು ನಾನು ತೆಗೆದುಕೊಳ್ಳಬೇಕು, ಸರ್ ಆರಾಮಾಗಿ ಪ್ರಾಜೆಕ್ಟ್ ನೋಡಿಕೊಂಡು ಲೈಬ್ರರಿಯಲ್ಲಿ ಇರಲಿ ಎಂದರು. ಸರ್ ನಿವೃತ್ತಿಗೆ ಇನ್ನು ಹೆಚ್ಚು ಕಾಲವೂ ಇರಲಿಲ್ಲ. ಮಾತಿನಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಹುಡುಗರಿಗೆ ನಾದ ಅಂದರೇನು ಎಂದು ಕಲಿಸುವ ಮೇಷ್ಟ್ರ ಗಂಟಲಿನಲ್ಲೇ ನಾದವಿಲ್ಲ.

ಈ ಸುದ್ದಿ ಸರ್ ಕಿವಿಗೆ ಬೀಳದೆ ಇರುತ್ತದೆಯೇ? ಮರುದಿನ ಊಟದ ಹೊತ್ತಿಗೆ ನನ್ನ ಕೋಣೆಗೆ ಬಂದು ಎದುರು ಕೂತರು.

"ಪರದಿ ತಗೀತೀರಂತ," ಎಂದರು.

"ನಾನಲ್ಲರಿ ಸರ. ಹೆಡ್ ಸರ್ ವಿಚಾರ ಅದು."

"ಮುಖಾ ನೋಡಿದ ಮ್ಯಾಲ ಯಾರ ಕಿವಿ ತೆರೀತೈತ್ರಿ? ಪರದಿ ಇರಲಿ. ನಾ ಓದತೀನಿ."

ನಾನು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದೆ. ಅವರೇ ಮುಂದುವರಿಸಿದರು.

"ಮೂರನೇ ಸವಾಲಿಗೆ ಅರ್ಧಕ್ಕರ್ಧ ಹುಡುಗರು ಹೌದು ಅಂತ ಬರದ್ರ ಪಾಠ ನಾ ಮಾಡತೀನಿ. ಇಲ್ಲಂದ್ರ ಪೇಪರ್ ನಿಮಗ. ಲೈಬ್ರರ್‍ಯಾಗ ಕೂಡು ಅಂದ್ರ ಕೂಡತೀನಿ."

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು. ಗಂಟಲ ನಿಮ್ಮದು, ಶಿಕ್ಷಾ ನನಗ."

"ಎಮ್ಮಿ ಅಂತ ನೀವಾ ಅಂದ್ರಿ. ನಾ ಅನಲಿಲ್ಲ."

ಇಬ್ಬರೂ ನಕ್ಕೆವು. ಅವರ ನಗೆಗೆ ಸದ್ದಿರಲಿಲ್ಲ, ಭುಜ ಮಾತ್ರ ಕುಣಿಯಿತು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಪಾಠಾ ಬಿಟ್ರ ಮತ್ತೇನ್ ಬರತೈತ್ರಿ ನನಗ?" ಎಂದರು.

ಸರ್ ಹಟಕ್ಕೆ ಮುಖ್ಯಸ್ಥರು ಪರದೆಗೂ ಆ ಪಣಕ್ಕೂ ಒಪ್ಪಿದರು. ಆ ದಿನ ಬಂತು. ನಾನಿರುವುದು ಅಮೀರ್‌ಪೇಟೆಯ ಹಿಂದಿನ ಗಲ್ಲಿಯಲ್ಲಿ, ಕೋಚಿಂಗ್ ಬೋರ್ಡುಗಳ ಮತ್ತು ಹಾಸ್ಟೆಲುಗಳ ನಡುವೆ. "ಒಂದೇ ತಿಂಗಳಲ್ಲಿ ಅಮೆರಿಕನ್ ಅಕ್ಸೆಂಟ್" ಎನ್ನುವ ಬೋರ್ಡಿನ ಕೆಳಗೇ ದಿನವೂ ಮೆಟ್ರೋ ಹತ್ತುತ್ತೇನೆ. ಅವತ್ತು ಕೊನೇ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದರೆ ಗಚ್ಚಿಬೌಲಿಯ ದಾರಿ ಎಂದಿನಂತೆ ಕಾರುಗಳಿಂದ ಕಿಕ್ಕಿರಿದಿತ್ತು. ನಾನು ಲ್ಯಾಬು ಮುಟ್ಟುವಾಗ ಸರ್ ಆಗಲೇ ಪರದೆ ಎಳೆದು ಮೈಕಿನ ಎತ್ತರ ಸರಿಮಾಡುತ್ತಿದ್ದರು. ಇಸ್ತ್ರಿ ಹಾಕಿದ ತಿಳಿನೀಲಿ ಅಂಗಿ, ಕತ್ತಿನ ಗುಂಡಿಯನ್ನೂ ಹಾಕಿಕೊಂಡಿದ್ದರು, ಆಪರೇಷನ್ನಿನ ಕಲೆ ಕಾಣಬಾರದೆಂದು.

ಮೊದಲು ಮುಖ್ಯಸ್ಥರು ಓದಿ, ಚೀಟಿ ಹಂಚಲು ಹೊರಗೆ ಹೋದರು. ಎರಡನೆಯವರು ಸರ್. ಅವರ ನಂತರ ನಾನು, ಕೊನೆಗೆ ಹಳೇ ಶಹರದ ಮೇಡಂ. ಸರ್ ಕೂತು, ಒಂದು ಗುಟುಕು ಬಿಸಿನೀರು ಕುಡಿದು, ಓದಲು ಶುರುಮಾಡಿದರು. ನಾನು ಪರದೆಯ ಅಂಚನ್ನು ಬೆರಳಷ್ಟು ಸರಿಸಿ ಹೊರಗೆ ನೋಡಿದೆ. ನೋಡಬಾರದಿತ್ತು. ಮೊದಲ ಸಾಲಿನ ಹುಡುಗ ಹೆಡ್‌ಫೋನ್ ತೆಗೆದು ತಟ್ಟಿ ಮತ್ತೆ ಹಾಕಿಕೊಂಡ. ಪಕ್ಕದವನು ವೈರು ಎಳೆದು ನೋಡಿದ. ಹಿಂದಿನವಳೊಬ್ಬಳು ಕೈ ಎತ್ತಿ ಮುಖ್ಯಸ್ಥರಿಗೆ ಏನೋ ಹೇಳಿದಳು. ಎಲ್ಲರೂ ಉಪಕರಣ ಕೆಟ್ಟಿದೆ ಎಂದು ತಿಳಿದಿದ್ದರು. ಮುಖ್ಯಸ್ಥರು ಪಾಪ, ಕೆಟ್ಟಿಲ್ಲ, ಕೇಳಿ ಎಂದು ಕೈಸನ್ನೆ ಮಾಡುತ್ತ ಸಾಲು ಸಾಲು ತಿರುಗಿದರು. ಒಳಗೆ ಸರ್ ಕಾಗದದಿಂದ ಕಣ್ಣು ತೆಗೆಯದೆ ಓದುತ್ತಲೇ ಇದ್ದರು. ಒಂದೂ ಧ್ವನಿಯನ್ನು ನುಂಗಲಿಲ್ಲ. ಸಾಲಿನ ಕೊನೆಗೆ ಉಸಿರು ಸಾಲದಾದಾಗ ನಿಂತು, ಎಳೆದುಕೊಂಡು, ಮತ್ತೆ ಹೊರಟರು.

ಆಮೇಲೆ ನನ್ನ ಸರದಿ. ಅದೇ ಗಡಿಯಾರದ ಮುದುಕ, ಅದೇ ಅಂಗಡಿ. ವರ್ಷವರ್ಷವೂ ಓದಿ ಬಾಯಿಪಾಠವಾದ ಸಾಲುಗಳು. ಆದರೆ ಅವತ್ತು ಎಲ್ಲಿ ಅಳು ಬಂದುಬಿಡುತ್ತದೋ ಎಂದು ಮೆತ್ತಗೆ, ನಿಧಾನವಾಗಿ, ತಡವರಿಸುತ್ತ ಓದಿದೆ. ಮೇಡಂ ನನ್ನ ಬೆನ್ನಿನ ಮೇಲೆ ಕೈಯಿಟ್ಟು "ನಕ್ಕೋ ರೋ", ಅಳಬೇಡ ಎಂದು ಕಿವಿಯಲ್ಲಿ ಹೇಳಿದರು. ಹೇಳಿದ ಮೇಲೆ ಅಳು ಇನ್ನೂ ಒತ್ತರಿಸಿತು, ತಡೆದುಕೊಂಡೆ.

ಪರದೆ ಸರಿಯಿತು. ನಾವು ಮೂವರೂ ಹೊರಗೆ ಬಂದು ಮುಖ್ಯಸ್ಥರ ಪಕ್ಕ ನಿಂತೆವು. ಯಾವ ದನಿ ಯಾರದ್ದೆಂದು ಹುಡುಗರು ಪಿಸಿಪಿಸಿ ಊಹಿಸುತ್ತಿದ್ದರು. ಮುಖ್ಯಸ್ಥರ ಚೀಟಿಗಳು ಮುಗಿದ ಮೇಲೆ ಎರಡನೆಯ ಕಟ್ಟು. ಸರ್ ಅದನ್ನು ನನ್ನ ಕೈಗೆ ಕೊಟ್ಟರು.

"ಓದ್ರಿ ಬಾಯಾರ. ನನ್ನ ದನಿ ಹಿಂದಿನ ಸಾಲಿಗೆ ಮುಟ್ಟೂದಿಲ್ಲ."

ನಾನು ಓದಿದೆ. "ಹೆಡ್‌ಫೋನ್ ಸರಿ ಇರಲಿಲ್ಲ." "ವಯಸ್ಸಾದವರು, ನೆಗಡಿಯಾಗಿದೆ." "ಇಂಗ್ಲಿಷ್ ತುಂಬ ಚೆನ್ನಾಗಿದೆ, ಆದರೆ ಹುಷಾರಿಲ್ಲ." ಮೂರನೆಯ ಪ್ರಶ್ನೆಗೆ ಬಂದೆ. "ಇಲ್ಲ. ಅವರಿಗೆ ತೊಂದರೆ ಕೊಡಬಾರದು." ಮುಂದಿನದು: "ಇಲ್ಲ, ಪಾಪ." ಅದರ ಮುಂದಿನದು: "ಇಲ್ಲ, ಅವರು ವಿಶ್ರಾಂತಿ ತೆಗೆದುಕೊಳ್ಳಬೇಕು." ಒಂದರ ಮೇಲೊಂದು, ಎಲ್ಲವೂ ಒಳ್ಳೆಯ ಮನೆಯ ಮಕ್ಕಳು ಬರೆದ ಒಳ್ಳೆಯ ಉತ್ತರಗಳು. ಬೈಗುಳವಾಗಿದ್ದರೆ ಸರ್ ನಕ್ಕುಬಿಡುತ್ತಿದ್ದರು. ನಾನು ಎರಡು ಚೀಟಿ ಒಟ್ಟಿಗೆ ಮಗುಚಲು ನೋಡಿದೆ.

"ನುಂಗಬ್ಯಾಡ್ರಿ. ಎಲ್ಲಾ ಓದ್ರಿ," ಎಂದರು ಸರ್, ನನಗಷ್ಟೇ ಕೇಳುವಂತೆ.

ಎಲ್ಲ ಓದಿದೆ. ಹೌದು ಎಂದವರು ಅಲ್ಲೊಬ್ಬರು ಇಲ್ಲೊಬ್ಬರು. ಅರ್ಧ ಹೋಗಲಿ, ಕಾಲು ಭಾಗವೂ ಇರಲಿಲ್ಲ. ಮುಖ್ಯಸ್ಥರು ನೆಲ ನೋಡುತ್ತಿದ್ದರು. ನನಗೆ ಆ ಕ್ಷಣದಲ್ಲಿ ಆ ಒಳ್ಳೆಯ ಮಕ್ಕಳ ಮೇಲೆಲ್ಲ ಕೋಪ ಉಕ್ಕಿತು. ಕೋಪ ಮಾಡಿಕೊಳ್ಳಲು ಅವರ ತಪ್ಪಾದರೂ ಏನು? ಮೂರು ತಿಂಗಳಿಂದ ನಾವೆಲ್ಲ ಸರ್‌ಗೆ ಹೇಳುತ್ತಿದ್ದುದನ್ನೇ ಈ ಮಕ್ಕಳು ಬರೆದುಕೊಟ್ಟಿದ್ದರು.

ಅದರ ಬೆನ್ನಿಗೇ ನನ್ನ ಕಟ್ಟು. ಸರ್ ಮೇಲಿನ ಚೀಟಿಗಳನ್ನು ತಾವೇ ಎತ್ತಿಕೊಂಡು ನೋಡಿದರು, ಹುಬ್ಬು ಮೇಲೆ ಹೋಯಿತು. "ಮೃದು ಸ್ವಭಾವದವರು, ಖಂಡಿತ ಹೋಗುತ್ತೇನೆ" ಎಂದು ಬರೆದಿತ್ತು. "ಅಮ್ಮನ ಹಾಗೆ" ಎಂದು ಇನ್ನೊಂದು. ಹೌದು, ಹೌದು, ಹೌದು. ನನ್ನ ಜನ್ಮದಲ್ಲಿ ಅಷ್ಟು ಹೌದುಗಳನ್ನು ನೋಡಿರಲಿಲ್ಲ.

"ನನ್ನ ದನಿ ಹೋತು, ನಿಮ್ಮ ನಸೀಬ ತೆರೀತ ನೋಡ್ರಿ," ಎಂದರು ಸರ್. ತಮಾಷೆಯನ್ನೇ ಮಾಡಿದ್ದರು, ಆದರೆ ಕಣ್ಣು ನಗಲಿಲ್ಲ.

ಆಮೇಲೆ ಮೇಜಿನ ಮೇಲಿದ್ದ ಮೈಕು ಎತ್ತಿಕೊಂಡರು. ಎರಡನೆಯ ದನಿ ತಮ್ಮದೆಂದೂ, ಗಂಟಲ ಆಪರೇಷನ್ ಆಗಿದೆಯೆಂದೂ, ಈ ವರ್ಷ ಧ್ವನಿವಿಜ್ಞಾನವನ್ನು ಈ ಮೇಡಂ ಕಲಿಸುತ್ತಾರೆಂದೂ ಇಂಗ್ಲಿಷಿನಲ್ಲಿ ನಾಲ್ಕೇ ಮಾತಿನಲ್ಲಿ ಹೇಳಿದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಮೈಕನ್ನು ಇಟ್ಟು, ತಮ್ಮ ಕುರ್ಚಿಯ ಕಡೆ ಹೊರಟರು.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎದ್ದು ನಿಂತಳು. ಪಟಾನ್‌ಚೆರುವಿನಿಂದ ಬಸ್ಸಿನಲ್ಲಿ ಬಂದು, ತಡವಾಗಿ ಓಡುತ್ತ ಒಳಗೆ ನುಗ್ಗಿದ್ದವಳು. ಮುಖ್ಯಸ್ಥರು ಆಗಲೇ ಅವಳಿಗೆ ಒಂದು ಸಲ ಗದರಿದ್ದರು. "ಸರ್, ನನಗೊಂದು ಡೌಟ್," ಎಂದಳು.

"ಮೇಡಂ ಹತ್ತಿರ ಕೇಳಮ್ಮಾ, ಸರ್‌ಗೆ ಸುಸ್ತಾಗಿದೆ," ಎಂದರು ಮುಖ್ಯಸ್ಥರು.

"ಮೇಡಂಗೆ ಗೊತ್ತಿರಲಿಕ್ಕಿಲ್ಲ ಸರ್. ಇದು ಈ ಸರ್ ದನಿಯ ಬಗ್ಗೆ." ಭಯವೂ ಇಲ್ಲ, ಮುಲಾಜೂ ಇಲ್ಲ. "ನಾನೂ ಇಲ್ಲ ಅಂತಲೇ ಬರೆದೆ. ಬರೆದಾದ ಮೇಲೆ ಇದು ತಲೆಗೆ ಬಂತು. ಕತೆಯಲ್ಲಿ ಆ ಮುದುಕ ಬಾಗಿಲಿಗೆ ಬಂದು ಅಂಗಡಿಯವನನ್ನು ಕೇಳುತ್ತಾನಲ್ಲ, ನೀವು ಮುಚ್ಚುತ್ತಿದ್ದೀರಾ ಅಂತ. ಇಂಗ್ಲಿಷಿನಲ್ಲಿ ಅಲ್ಲಿ 'ಯೂ ಆರ್ ಕ್ಲೋಸಿಂಗ್' ಅಂತಷ್ಟೇ ಇದೆ, ಪ್ರಶ್ನೆ ಅಂತ ತೋರಿಸಲು ಬೇರೆ ಪದ ಇಲ್ಲ, ದನಿ ಮೇಲೇರಿದರಷ್ಟೇ ಪ್ರಶ್ನೆ. ನಿಮ್ಮ ದನಿಯಲ್ಲಿ ಏರಿಳಿತವೇ ಇಲ್ಲ, ಬರೀ ಗಾಳಿ. ಆದರೂ ನನಗೆ ಪ್ರಶ್ನೆ ಅಂತಲೇ ಕೇಳಿಸಿತು. ಇಲ್ಲದಿರುವುದು ಹೇಗೆ ಏರಿತು?"

ಲ್ಯಾಬಿನಲ್ಲಿ ಯಾರೋ ಹಲ್ಲು ಕಚ್ಚಿ ಉಸಿರೆಳೆದುಕೊಂಡರು. ನಿಮ್ಮ ದನಿಯಲ್ಲಿ ಬರೀ ಗಾಳಿ ಎಂದು ಅವರ ಎದುರಿಗೇ ಹೇಳುವುದೇ? ಮುಖ್ಯಸ್ಥರು ಅವಳನ್ನು ಕೂರಿಸಲು ಕೈ ಎತ್ತಿದರು. ಸರ್ ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

"ಇನ್ನೊಮ್ಮೆ ಹೇಳು," ಎಂದರು ಮೈಕನ್ನು ಮತ್ತೆ ಎತ್ತಿಕೊಂಡು. ಅವಳು ಹೇಳಿದಳು. ಅವರು ಕ್ಲಾಸಿನತ್ತ ತಿರುಗಿ, ಯಾರು ಯಾರಿಗೆ ಅದು ಪ್ರಶ್ನೆಯಾಗಿ ಕೇಳಿಸಿತು ಎಂದರು. ಹೆಚ್ಚುಕಡಿಮೆ ಎಲ್ಲ ಕೈಗಳೂ ಎದ್ದವು. ಕತೆಯ ಸಂದರ್ಭದಿಂದ ಗೊತ್ತಾಗಿರಬಹುದು ಎಂದು ಒಬ್ಬ ಹೇಳಿದ. ಹಾಗಾದರೆ ಪರೀಕ್ಷೆ ಮಾಡೋಣ ಎಂದು ಸರ್ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಅದೊಂದೇ ವಾಕ್ಯವನ್ನು ಹಲವು ಸಲ ಪಿಸುಗುಟ್ಟಿದರು, ಒಮ್ಮೆ ಪ್ರಶ್ನೆಯಾಗಿ, ಒಮ್ಮೆ ಬರೀ ಹೇಳಿಕೆಯಾಗಿ, ಕ್ರಮವಿಲ್ಲದೆ. ಹುಡುಗರು ಬಹುಪಾಲು ಸರಿಯಾಗಿಯೇ ಹೇಳಿದರು. ಸರ್ ಕಾಗದ ಇಳಿಸಿದಾಗ ಅವರ ಮುಖದಲ್ಲಿ ನಾನು ಬೇಸಿಗೆಯಿಂದ ನೋಡದಿದ್ದ ಒಂದು ಹಸಿವು ಇತ್ತು.

"ಗಂಟಲ ತಂತಿ ಅಲುಗಿದರೇ ಸ್ವರ ಏರೋದು ಅಂತ ನಾನು ಇಷ್ಟು ವರ್ಷ ಕಲಿಸಿದೆ," ಎಂದರು ಇಂಗ್ಲಿಷಿನಲ್ಲಿ. "ನನ್ನಲ್ಲಿ ಅದು ಅಲುಗುತ್ತಿಲ್ಲ. ನಿಮಗೆ ಏರಿದ್ದು ಕೇಳಿಸುತ್ತಿದೆ. ಪುಸ್ತಕದಲ್ಲಿ ಇದಕ್ಕೊಂದು ಉತ್ತರ ಓದಿದ್ದೇನೆ. ಪುಸ್ತಕ ಬೇಡ, ನಾವೇ ಹುಡುಕೋಣ. ಬನ್ನಿ."

ಆಮೇಲಿನ ಗಲಾಟೆಯನ್ನು ಏನೆಂದು ಹೇಳಲಿ? ಕುರ್ಚಿಗಳನ್ನು ಎಳೆದಾಡಿ ಎಲ್ಲರೂ ಕಂಪ್ಯೂಟರಿನ ಸುತ್ತ ಮುತ್ತಿಕೊಂಡರು. ಸರ್ ಪಿಸುಗುಟ್ಟಿದ್ದನ್ನು ರೆಕಾರ್ಡ್ ಮಾಡಿ ತೆರೆಯ ಮೇಲೆ ಗೆರೆಗಳಾಗಿ ನೋಡಿದರು. ಪ್ರಶ್ನೆಯ ಕೊನೆಯಲ್ಲಿ ಬಾಯೊಳಗೆ ಗಾಳಿ ಅನುರಣಿಸುವುದನ್ನು ತೋರಿಸುವ ಗೆರೆಗಳು ಕೊಂಚ ಮೇಲಕ್ಕೆ ಸರಿದಿದ್ದವು, ಕೊನೆಯ ಪದವೂ ತುಸು ಉದ್ದವಾಗಿತ್ತು. ಗಂಟಲು ಮಾಡಲಾಗದ್ದನ್ನು ನಾಲಿಗೆ ತುಟಿಗಳು ತಮಗೆ ತಿಳಿದ ಹಾಗೆ ಮಾಡಿ ತೋರಿಸುತ್ತಿದ್ದವು, ಸರ್‌ಗೆ ತಿಳಿಯದಂತೆಯೇ. "ನೀವು ಬೇಕೆಂದು ಹಾಗೆ ಮಾಡಿದಿರಾ?" ಎಂದು ಆ ಹುಡುಗಿ ಬಿಡದೆ ಕೇಳಿದಳು. "ಇಲ್ಲ ಮಾರಾಯ್ತಿ, ನನಗೂ ಈಗಲೇ ಗೊತ್ತಾಗುತ್ತಿದೆ," ಎಂದರು. ಇನ್ನೊಬ್ಬ ಹುಡುಗ ನಾವೂ ಪಿಸುಗುಟ್ಟಿದರೆ ಹೀಗೇ ಬರುತ್ತದೆಯೇ ಎಂದ. ಎಲ್ಲರೂ ಪಿಸುಗುಟ್ಟತೊಡಗಿದರು. ಬೆಳಿಗ್ಗೆ ತೊಂದರೆ ಕೊಡಬಾರದು ಎಂದು ಬರೆದವರೇ ಈಗ ಅವರ ಭುಜದ ಮೇಲೆ ಬೀಳುವಂತೆ ಬಗ್ಗಿ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಿದ್ದರು. ಸಮೋಸ ತಣ್ಣಗಾಯಿತು. ಹಳೇ ಶಹರದ ಮೇಡಂ ತಮ್ಮ ಚೀಟಿಗಳ ಕಟ್ಟು ಹಿಡಿದು, "ಅರೆ, ಮೇರಾ ಕೌನ್ ಪಢೇಗಾ, ನನ್ನದನ್ನು ಯಾರು ಓದೋದು?" ಎಂದು ಮೂರ್ನಾಲ್ಕು ಸಲ ಕೇಳಿ, ಕೊನೆಗೆ ತಾವೇ ಒಂದು ಮೂಲೆಯಲ್ಲಿ ಕೂತು ಓದಿಕೊಂಡು ನಕ್ಕರು. ಅವರ ಪರಿಚಯ ಆ ವರ್ಷ ಆಗಲೇ ಇಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನು ಒಬ್ಬಳೇ ಇದ್ದಾಗ ಸರ್ ಬಂದರು. ನೇರ ಟೈಮ್ ಟೇಬಲ್ ಅಂಟಿಸಿದ್ದ ಬೋರ್ಡಿನ ಮುಂದೆ ಹೋಗಿ ನಿಂತರು. ಗಂಟಲು ಪೂರ್ತಿ ಬಳಲಿತ್ತು, ತುಟಿಗಳನ್ನು ನೋಡಿಯೇ ಅರ್ಧ ತಿಳಿಯಬೇಕಿತ್ತು.

"ಮುಂಜಾನೆ ಮೊದಲ್ನೇ ಪೀರಿಯಡ್ ನನಗ ಬೇಕು."

"ಅದು ನಂದೈತ್ರಿ ಸರ."

"ಗೊತ್ತೈತಿ. ಮುಂಜಾನೆ ನನ್ನ ಗಂಟಲ ಚಲೋ ಇರತೈತಿ. ನೀವು ಮಧ್ಯಾಹ್ನ ತಗೋರಿ."

ಆ ಮೊದಲ ಪೀರಿಯಡ್ಡನ್ನು ನಾನು ಎರಡು ವರ್ಷ ಬೆನ್ನು ಹತ್ತಿ ಗಿಟ್ಟಿಸಿಕೊಂಡಿದ್ದೆ. ಮುಗಿಸಿದರೆ ಇಡೀ ದಿನ ಕೈಯಲ್ಲಿರುತ್ತದೆ. ಮಧ್ಯಾಹ್ನದ ಕ್ಲಾಸೆಂದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಮನೆ ಸೇರುವುದು.

"ಮತ್ತ ಮಾತು ಕೊಟ್ಟಿದ್ರಲ್ಲ? ಅರ್ಧಕ್ಕರ್ಧ ಹೌದು ಬರದಿದ್ರ ಪೇಪರ್ ನನಗ ಅಂತ?"

"ಆ ಸವಾಲಾ ಖೊಟ್ಟಿ ಐತ್ರಿ," ಎಂದರು, ತಾವೇ ಬರೆದ ಪ್ರಶ್ನೆಯ ಬಗ್ಗೆ, ಒಂದಿಷ್ಟೂ ನಾಚಿಕೆಯಿಲ್ಲದೆ. "ಬರ್ತೀರೇನು ಅಂತ ಕೇಳಿದ್ರ ಮಂದಿ ಮರ್ಯಾದಿ ನೋಡ್ತಾರ. ಡೌಟ್ ಬಂದ್ರ ಮರ್ಯಾದಿ ಎಲ್ಲಿ ಉಳೀತೈತಿ? ಬರ್ತಾರ."

"ನಿಮಗ ಬೇಕಾದಂಗ ಕಾಯ್ದೆ ತಿರುವಿಕೊಂತೀರಿ. ನಾ ಕೊಡೂದಿಲ್ಲ ಪೀರಿಯಡ್."

"ಕೊಡಬ್ಯಾಡ್ರಿ. ನಾ ತಗೋತೀನಿ."

ನನ್ನ ದನಿ ಏರಿತ್ತು. ವರಾಂಡದಲ್ಲಿ ಯಾರೋ ನಿಂತು ಇಣುಕಿ ನೋಡಿ ಹೋದರು. ಸರ್ ಜೇಬಿನಿಂದ ಪೆನ್ನು ತೆಗೆದು, ನನ್ನ ಕಣ್ಣೆದುರೇ ನನ್ನ ಪೀರಿಯಡ್ಡಿನ ಮೇಲೆ ಅಡ್ಡಗೆರೆ ಎಳೆದು ತಮ್ಮ ಹೆಸರು ಬರೆದು, ನನ್ನದನ್ನು ಮಧ್ಯಾಹ್ನದ ಚೌಕಕ್ಕೆ ತಳ್ಳಿ, ತಿರುಗಿಯೂ ನೋಡದೆ ಹೊರಟುಹೋದರು. ನನಗೆ ಮೈಯೆಲ್ಲ ಉರಿಯಿತು. ಎಂಥ ಮೊಂಡ ಮನುಷ್ಯ, ಮುಖ್ಯಸ್ಥರಿಗೆ ಈಗಲೇ ಹೇಳುತ್ತೇನೆ ಎಂದು ಎದ್ದೆ. ಬಾಗಿಲವರೆಗೆ ಹೋದ ಮೇಲೆ, ಅವರ ಮೇಲೆ ಸಿಟ್ಟು ಬಂದು ಎಷ್ಟು ದಿನವಾಗಿತ್ತು ಎಂದು ಹೊಳೆಯಿತು. ಅಲ್ಲೇ ನಿಂತು, ಬೆಳಿಗ್ಗೆಯಿಂದ ತಡೆಹಿಡಿದಿದ್ದ ಅಳುವನ್ನೆಲ್ಲ ಅತ್ತೆ.